ಬೇಲೆಕೇರಿಯಿಂದ ಮಂಗಳೂರಿಗೆ ಒಂಟಿ ಕಯಾಕ್: ಕಡಲು ಕೆರಳಿದಾಗ ತಾಳಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಯಾಕ್ ಹತ್ತಿ ಕಡಲಿಗೆ ಇಳಿಯುವವರು ಸಾಮಾನ್ಯವಾಗಿ ಹೆದರುವುದು ನಡುನೀರಿಗೆ. ದಡ ದೂರ, ಅಡಿಯಲ್ಲಿ ಆಳ, ಸುತ್ತ ಯಾರೂ ಇಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಈ ಹೆದರಿಕೆ ತಪ್ಪು ಕಡೆಗೆ ಮುಖಮಾಡಿದೆ. ಒಳ್ಳೆಯ ಸಮುದ್ರ ಕಯಾಕ್ ಎರಡು ಮೀಟರ್ ಎತ್ತರದ ಉರುಳಲೆಯನ್ನು (ಮುರಿಯದೆ ಉರುಳಿ ಬರುವ ಅಲೆಯನ್ನು) ಏರಿ ಇಳಿದು ಮುಂದೆ ಹೋಗುತ್ತದೆ. ಅದೇ ಅಲೆ ದಡದ ಬಳಿ ಮುರಿಯುವಾಗ ಅದೇ ಕಯಾಕನ್ನು ಮಗುಚಿ ಮರಳಿಗೆ ಕುಟ್ಟುತ್ತದೆ. ಒಳಗಿದ್ದವರ ಭುಜದ ಕೀಲು ತಪ್ಪುವುದು, ಕುತ್ತಿಗೆ ಉಳುಕುವುದು ಸೊಂಟದಷ್ಟು ನೀರಿನಲ್ಲಿ. ಆದ್ದರಿಂದ ಈ ಬರಹದ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಗಾಳಿ ಎದ್ದರೆ ಎಲ್ಲಿ ದಡ ಹತ್ತುತ್ತೀರಿ, ಅಲ್ಲಿ ಆಗದಿದ್ದರೆ ಇನ್ನೆಲ್ಲಿ? ಉತ್ತರ ಸಿಗದ ದಿನ ಕಯಾಕ್ ಮರಳ ಮೇಲೆಯೇ ಇರಲಿ.

ಇದು ಮೊದಲ ಸಲ ಹುಟ್ಟು ಹಿಡಿಯುವವರಿಗೆ ಬರೆದದ್ದಲ್ಲ. ತೆರೆ ದಾಟಿ ಒಳಹೊರಗೆ ಹೋಗಿ ಬರುವ ಅಭ್ಯಾಸ, ಮಗುಚಿದರೆ ಯಾರ ನೆರವೂ ಇಲ್ಲದೆ ಮತ್ತೆ ಹತ್ತುವ ಅಭ್ಯಾಸ, ಜೊತೆಗಾರರೊಂದಿಗೆ ಒಂದೆರಡು ಉದ್ದನೆಯ ಪಯಣ ಇವೆಲ್ಲ ಆದವರು, ಈಗ ಒಬ್ಬರೇ ಹೊರಡುವ ಆಲೋಚನೆಯಲ್ಲಿದ್ದರೆ ಮುಂದೆ ಓದಿ.

ಹಂತ 1: ಕಾಲವನ್ನೂ ದಿಕ್ಕನ್ನೂ ಆರಿಸಿಕೊಳ್ಳಿ

ಮುಂಗಾರಿನ ನಾಲ್ಕು ತಿಂಗಳ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೇ ನಿಷೇಧವಿರುತ್ತದೆ. ನಾಡದೋಣಿಯವರು ಆಗಲೂ ಇಳಿಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅವರು ಹುಟ್ಟಿ ಬೆಳೆದ ಅಳಿವೆಯಲ್ಲಿ (ನದಿ ಕಡಲು ಸೇರುವ ಬಾಯಿಯಲ್ಲಿ), ಹತ್ತು ಕೈ ಜೊತೆಗಿಟ್ಟುಕೊಂಡು, ದಡದಲ್ಲಿ ಇಡೀ ಊರು ನೋಡುತ್ತಿರುವಾಗ ಇಳಿಯುತ್ತಾರೆ.

ಮಳೆ ನಿಂತ ಮೇಲೂ ಕಡಲು ಕೂಡಲೇ ತಣ್ಣಗಾಗುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳಿಗೆ ವರ್ಷದಲ್ಲಿ ಎರಡು ಕಾಲ: ಮುಂಗಾರಿಗೆ ಮುಂಚಿನ ಮೇ-ಜೂನ್ ಮತ್ತು ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ. 2009ರ ನವೆಂಬರ್‌ನಲ್ಲಿ ಫಯಾನ್, 2017ರ ನವೆಂಬರ್ ಕೊನೆಯಲ್ಲಿ ಒಖಿ, 2019ರ ಅಕ್ಟೋಬರ್‌ನಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ. ಕ್ಯಾರ್ ನಮ್ಮ ದಡಕ್ಕೆ ಅಪ್ಪಳಿಸಲೇ ಇಲ್ಲ, ದೂರದಿಂದಲೇ ಹಾದುಹೋಯಿತು. ಆದರೂ ಹೊರರಾಜ್ಯಗಳ ದೋಣಿಗಳು ಸಹ ಓಡಿಬಂದು ಕಾರವಾರದ ಬಂದರಿನಲ್ಲಿ ಆಸರೆ ಪಡೆದವು. ತೌಕ್ತೆಯಲ್ಲಿ ದೊಡ್ಡ ಟಗ್ ದೋಣಿಯೊಂದು ಮೂಲ್ಕಿಯ ಬಳಿ ಬಂಡೆಗಳಿಗೆ ಸಿಕ್ಕಿ, ಅದರಲ್ಲಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರುಮಾಡಬೇಕಾಯಿತು. ಉಕ್ಕಿನ ದೋಣಿಗೂ ಕಂಟಕವಾದದ್ದು ಕೊನೆಗೆ ದಡದ ಬಂಡೆಯೇ.

ಒಂಟಿ ಪಯಣಕ್ಕೆ ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಸೂಕ್ತ. ಮಾರ್ಚ್‌ನಿಂದ ಮಧ್ಯಾಹ್ನದ ಗಾಳಿ ಬಲಿಯುತ್ತದೆ, ಬಿಸಿಲೂ ಅಷ್ಟೇ. ಈ ತಿಂಗಳುಗಳಲ್ಲಿ ಹಗಲಿನ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಸಾಗಿ. ಗಾಳಿ ಬೆನ್ನಿಗಿದ್ದರೆ ಕೆಟ್ಟ ದಿನವೂ ನಿಮ್ಮನ್ನು ಮುಂದಿನ ಆಸರೆಯ ಕಡೆಗೇ ನೂಕುತ್ತದೆ.

ಕಾರವಾರದಿಂದಲೇ ಹೊರಡಬೇಕೆಂಬ ಆಸೆ ಹಲವರಿಗೆ ಇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಅರ್ಗಾ ಭಾಗದ ನೌಕಾನೆಲೆಯ ಮುಂದೆ ಹಾಯಬೇಕು. ಆ ನೀರು ನಿರ್ಬಂಧಿತ. ಅಂಜದೀವ ದ್ವೀಪವೂ ನೌಕಾಪಡೆಯದ್ದೇ. ಗಾಳಿ ಎದ್ದಾಗ ಹತ್ತಿರದ ದಡಕ್ಕೆ ಹೋಗಲಾಗದ ದಾರಿ ಒಂಟಿ ಪಯಣಿಗರಿಗೆ ದಾರಿಯೇ ಅಲ್ಲ. ನೌಕಾನೆಲೆಯ ದಕ್ಷಿಣಕ್ಕಿರುವ ಬೇಲೆಕೇರಿಯಿಂದಲೋ ಅಂಕೋಲೆಯಿಂದಲೋ ಹೊರಟರೂ ಮಂಗಳೂರಿಗೆ ಇನ್ನೂರು ಕಿಲೋಮೀಟರಿಗೆ ಮೀರಿದ ಪಯಣ ಆಗುತ್ತದೆ.

ಹಂತ 2: ದಡ ಹತ್ತುವ ಜಾಗಗಳನ್ನು ಮೊದಲೇ ನೋಡಿಕೊಂಡು ಬನ್ನಿ

ಇಲ್ಲಿ ಎರಡು ಬಗೆಯ ಕರಾವಳಿ ಇದೆ. ಗೋಕರ್ಣ, ಕುಮಟಾ ಕಡೆ ಗುಡ್ಡಗಳು ಕಡಲಿಗೆ ಚಾಚಿಕೊಂಡಿವೆ. ಕುಡ್ಲೆ, ಓಂ ಕಡಲತೀರಗಳಂಥ ಚಿಕ್ಕ ಕೊಲ್ಲಿಗಳು ಅವುಗಳ ನಡುವೆ ಇವೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಮೂಲೆಯಲ್ಲಿ ಸ್ವಲ್ಪ ಮರೆ ಸಿಗುತ್ತದೆ. ಆದರೆ ಆ ಚಾಚಿದ ಬಂಡೆಮೂಲೆಗಳನ್ನು ಸುತ್ತುವಾಗ ಗಾಳಿ ದಿಢೀರನೆ ಜೋರಾಗುತ್ತದೆ, ಬಂಡೆಗೆ ಬಡಿದ ಅಲೆ ಹಿಂದಿರುಗಿ, ಎದುರು ಬರುವ ಅಲೆಯೊಂದಿಗೆ ಡಿಕ್ಕಿ ಹೊಡೆದು ನೀರು ಕುದಿಯುತ್ತಿರುತ್ತದೆ. ಕೆಟ್ಟ ದಿನಗಳಲ್ಲಿ ಮೂಲೆಯಿಂದ ಅರ್ಧ ಕಿಲೋಮೀಟರ್‌ನಷ್ಟಾದರೂ ಹೊರಗೆ ಸುತ್ತಿ ಹೋಗಿ.

ಕುಂದಾಪುರದಿಂದ ದಕ್ಷಿಣಕ್ಕೆ ಕಥೆ ಬೇರೆ. ನೇರವಾದ, ಉದ್ದನೆಯ, ಮರೆಯಿಲ್ಲದ ಮರಳದಂಡೆ. ಎಲ್ಲಿ ಬೇಕಾದರೂ ಇಳಿಯಬಹುದು ಎಂದು ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ. ಹೋಗಿ ನೋಡಿದರೆ ಕಡಲ್ಕೊರೆತ ತಡೆಯಲು ಹಾಕಿದ ಕಪ್ಪು ಕಲ್ಲಿನ ತಡೆಗೋಡೆ ಮೈಲುಗಟ್ಟಲೆ ನಿಂತಿದೆ. ಉಬ್ಬರದ ಹೊತ್ತಿಗೆ ಕಲ್ಲಿಗೂ ನೀರಿಗೂ ನಡುವೆ ಒಂದು ಗೇಣು ಮರಳೂ ಉಳಿದಿರುವುದಿಲ್ಲ. ಉಪಗ್ರಹ ಚಿತ್ರ ತೆಗೆದ ಹೊತ್ತು ಇಳಿತವಾಗಿದ್ದರೆ ಈ ಅಪಾಯ ಅದರಲ್ಲಿ ಕಾಣಿಸುವುದೇ ಇಲ್ಲ. ಆದ್ದರಿಂದ ಹೊರಡುವ ಮುನ್ನ ಬೈಕಿನಲ್ಲೋ ಬಸ್ಸಿನಲ್ಲೋ ಹೆದ್ದಾರಿ 66ರ ಪಕ್ಕದ ಮೀನುಗಾರಿಕೆ ರಸ್ತೆಗಳನ್ನು ಹಿಡಿದು ಇಡೀ ದಾರಿಯನ್ನು ಒಮ್ಮೆ ದಡದಿಂದ ನೋಡಿ ಬನ್ನಿ. ಉಬ್ಬರದ ಹೊತ್ತಿಗೇ ನೋಡಿ.

ನೋಡಿದ್ದನ್ನು ಮೂರು ಗುರುತುಗಳಲ್ಲಿ ನಕ್ಷೆಗೆ ಹಾಕಿ. ಯಾವ ಅಲೆಗೂ ಒಳಗೆ ಬರಬಹುದಾದ ಜಾಗ, ಅಂದರೆ ಬಂದರು ಅಥವಾ ಆಳವಾದ ಕೊಲ್ಲಿ. ಸಾಧಾರಣ ಅಲೆಗೆ ಮಾತ್ರ ಇಳಿಯಬಹುದಾದ ಮರಳು. ಎಂದೂ ಹೋಗಬಾರದ ಕಲ್ಲು, ಗೋಡೆ, ಬಂಡೆ. ಮೊದಲನೆಯ ಪಟ್ಟಿ ತೀರಾ ಚಿಕ್ಕದಾಗುತ್ತದೆ: ಬೇಲೆಕೇರಿ, ತದಡಿ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಹಳೆ ಬಂದರು. ಇವುಗಳಲ್ಲೂ ಹಲವಕ್ಕೆ ಅಳಿವೆ ದಾಟಿಯೇ ಹೋಗಬೇಕು. ಅದರ ಸಂಗತಿ ಮುಂದೆ ಹೇಳುತ್ತೇನೆ. ಹೊನ್ನಾವರದ ಶರಾವತಿ ಅಳಿವೆಯನ್ನು ಮೊದಲ ಪಟ್ಟಿಗೆ ನಾನು ಸೇರಿಸುವುದಿಲ್ಲ. ಅಲ್ಲಿನ ಮರಳದಿಬ್ಬಕ್ಕೆ ಸಿಕ್ಕಿ ಎಂಜಿನ್ ಇರುವ ದೋಣಿಗಳೇ ಮಗುಚಿವೆ.

ದ್ವೀಪಗಳನ್ನು ಆಸರೆ ಎಂದು ಲೆಕ್ಕ ಹಾಕಬೇಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಸುತ್ತ ಕಂಬದಂಥ ಶಿಲೆಗಳಿವೆ, ಅಲೆ ಇರುವ ದಿನ ಅದರ ಹತ್ತಿರ ಸುಳಿಯಲಾಗದು. ಮುರುಡೇಶ್ವರದ ಆಚೆಯ ನೇತ್ರಾಣಿ ದೂರವೂ ಹೌದು, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡ ಜಾಗವೂ ಹೌದು.

ಹಂತ 3: ಮುನ್ಸೂಚನೆಯನ್ನು ಕಯಾಕ್‌ನವರ ಕಣ್ಣಿನಿಂದ ಓದಿ

ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುವುದು ಸಾಮಾನ್ಯವಾಗಿ ಗಾಳಿ ಗಂಟೆಗೆ 45 ಕಿ.ಮೀ. ಆಸುಪಾಸಿಗೆ ಬರುವಾಗ. ಅದು ಎಂಜಿನ್ ಇರುವ ದೋಣಿಗಳನ್ನು ಮನಸ್ಸಿನಲ್ಲಿಟ್ಟ ಅಳತೆ. ಸಾಮಾನು ತುಂಬಿದ ಕಯಾಕ್ ಗಂಟೆಗೆ ಐದಾರು ಕಿಲೋಮೀಟರ್ ಸಾಗುತ್ತದೆ. ಎದುರಿನಿಂದ 25 ಕಿ.ಮೀ. ಗಾಳಿ ಬೀಸಿದರೆ ಅದು ಅರ್ಧಕ್ಕೆ ಇಳಿಯುತ್ತದೆ, 35 ದಾಟಿದರೆ ನಮ್ಮಂಥ ಹೆಚ್ಚಿನವರು ಇದ್ದಲ್ಲೇ ನಿಂತುಬಿಡುತ್ತೇವೆ. ಎಚ್ಚರಿಕೆ ಇಲ್ಲ ಎಂಬುದನ್ನು ಅಪ್ಪಣೆ ಎಂದು ಓದಬಾರದು. ಜೊತೆಗಾರರೊಂದಿಗೆ 28 ಕಿ.ಮೀ. ಗಾಳಿಯಲ್ಲಿ ಹೋಗುವವರು ಒಬ್ಬರೇ ಇದ್ದಾಗ 20ಕ್ಕೆ ನಿಲ್ಲಿಸಬೇಕು.

ಕಣ್ಣಿನ ಅಳತೆ ಬೇಕಿದ್ದರೆ, ಅಲ್ಲಲ್ಲಿ ಅಲೆಯ ನೆತ್ತಿ ಬಿಳಿಯಾಗತೊಡಗಿದಾಗ ಗಾಳಿ 15 ಕಿ.ಮೀ. ಹತ್ತಿರ ಇರುತ್ತದೆ. ಎತ್ತ ನೋಡಿದರೂ ಬಿಳಿನೊರೆ ಕಂಡರೆ 20 ದಾಟಿದೆ.

ಗಾಳಿಗಿಂತ ಹೆಚ್ಚು ಮೋಸ ಮಾಡುವುದು ಅಲೆಯ ಅಂಕಿ. ಹೈದರಾಬಾದಿನಲ್ಲಿರುವ, ಸಾಗರ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ ಕರಾವಳಿಗೆ ಪ್ರತಿದಿನ ಕೊಡುವ ಸಾಗರ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮತ್ತು ಅವಧಿ (ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡುಗಳು) ಎರಡೂ ಇರುತ್ತವೆ. ಎತ್ತರ ಎಂದು ಕೊಡುವುದು ಅತಿ ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಎಂಟು ಸೆಕೆಂಡಿಗೊಂದು ಬಂದರೂ ಗಂಟೆಗೆ 450 ಅಲೆ ನಿಮ್ಮಡಿ ಹಾಯುತ್ತದೆ. ಕೆಲವು ಗಂಟೆಗಳ ಪಯಣದಲ್ಲಿ ಆ ಅಂಕಿಯ ಹತ್ತಿರ ಹತ್ತಿರ ಇಮ್ಮಡಿ ಎತ್ತರದ ಒಂದಾದರೂ ಅಲೆ ಬಂದೇ ಬರುತ್ತದೆ. ಒಂದೂವರೆ ಮೀಟರ್ ಎಂದು ಬರೆದಿದ್ದರೆ ಸುಮಾರು ಮೂರು ಮೀಟರಿಗೆ ಸಿದ್ಧರಾಗಿ.

ಇನ್ನು ಅವಧಿ. ಒಂದು ಮೀಟರ್ ಎತ್ತರ, ಆರು ಸೆಕೆಂಡ್ ಅವಧಿ ಎಂದರೆ ಇಲ್ಲೇ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆ. ಒದ್ದೆ ಮಾಡುತ್ತದೆ, ದಣಿಸುತ್ತದೆ, ದಡದಲ್ಲಿ ಬಲ ಕಳೆದುಕೊಳ್ಳುತ್ತದೆ. ಅದೇ ಒಂದು ಮೀಟರ್, ಹದಿನಾರು ಸೆಕೆಂಡ್ ಎಂದರೆ ದಕ್ಷಿಣ ಹಿಂದೂ ಮಹಾಸಾಗರದ ಯಾವುದೋ ಬಿರುಗಾಳಿಯಲ್ಲಿ ಹುಟ್ಟಿ ದಿನಗಟ್ಟಲೆ ಪಯಣಿಸಿ ಬಂದ ಉರುಳಲೆ. ಹೊರಗೆ ಅದು ಗೊತ್ತೇ ಆಗುವುದಿಲ್ಲ. ಆಕಾಶ ನಿರ್ಮಲ, ಗಾಳಿ ಇಲ್ಲ. ಆಳ ಕಡಿಮೆಯಾಗುತ್ತಿದ್ದಂತೆ ಅದು ಎದ್ದು ನಿಲ್ಲುತ್ತದೆ. ಕೇರಳದವರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇದರ ಎಚ್ಚರಿಕೆ ನಮ್ಮ ಕರಾವಳಿಗೂ ಬರುವುದುಂಟು. ಅವಧಿ ಹದಿನಾಲ್ಕು ಸೆಕೆಂಡ್ ದಾಟಿದ್ದರೆ ಎತ್ತರ ಎಷ್ಟೇ ಇರಲಿ, ಅಂದು ಮೊದಲ ಪಟ್ಟಿಯ ಬಂದರಿನಿಂದ ಬಂದರಿಗೆ ಮಾತ್ರ ಹೋಗುವುದು, ಇಲ್ಲವೇ ಕೂರುವುದು.

ವಿಂಡಿಯಂಥ ಆ್ಯಪ್‌ನಲ್ಲಿ ಎರಡು ಮುನ್ಸೂಚನಾ ಮಾದರಿಗಳನ್ನು ಹೋಲಿಸಿ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು, ಜಗಳವಾಡಿದರೆ ಕೆಟ್ಟದ್ದನ್ನೇ ನಂಬಿ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಇವೆಲ್ಲದರ ಮೇಲೆ, ಹಿಂದಿನ ಸಂಜೆ ದಕ್ಕೆಗೆ ಹೋಗಿ ನಾಡದೋಣಿಯ ಹಿರಿಯರೊಬ್ಬರನ್ನು ಮಾತಾಡಿಸಿ. "ನಾಳೆ ಹೋಗಬಹುದಾ" ಎಂದು ಕೇಳಿದರೆ ಧೈರ್ಯ ಹೇಳಿ ಕಳಿಸಿಬಿಡುತ್ತಾರೆ. "ನಾಳೆ ನೀವು ಹೋಗುತ್ತೀರಾ, ಎಷ್ಟು ಹೊತ್ತಿಗೆ ವಾಪಸ್ಸು" ಎಂದು ಕೇಳಿ.

ಹಂತ 4: ಸರಂಜಾಮು

ಐದು ಮೀಟರಿನ ಆಸುಪಾಸಿನ ಉದ್ದ, ಹಿಂದೆ ಮುಂದೆ ನೀರು ನುಗ್ಗದ ಕೋಣೆಗಳು, ಅಂಚಿನುದ್ದಕ್ಕೂ ಹಿಡಿದುಕೊಳ್ಳಲು ಹಗ್ಗ, ಸ್ಕೆಗ್ (ಹಿಂಭಾಗದ ಅಡಿಯಲ್ಲಿ ಇಳಿಸಿ ಎತ್ತುವ ತಿರುಗದ ರೆಕ್ಕೆ) ಅಥವಾ ಚುಕ್ಕಾಣಿ. ಪ್ರವಾಸಿಗರು ಹಿನ್ನೀರಿನಲ್ಲಿ ಓಡಿಸುವ, ಮೇಲೆ ಕೂರುವ ಅಗಲ ಕಯಾಕ್ ಈ ಕೆಲಸಕ್ಕೆ ಬರುವುದಿಲ್ಲ. ಸ್ಪ್ರೇ ಸ್ಕರ್ಟ್ (ಕೂರುವ ಜಾಗಕ್ಕೆ ನೀರು ನುಗ್ಗದಂತೆ ಸೊಂಟದ ಸುತ್ತ ಮುಚ್ಚುವ ಹೊದಿಕೆ), ಕೈಪಂಪು, ಪ್ಯಾಡಲ್ ಫ್ಲೋಟ್ (ಹುಟ್ಟಿನ ತುದಿಗೆ ಕಟ್ಟುವ ತೇಲುಚೀಲ), ಮೇಲೆಯೇ ಕಟ್ಟಿದ ಇನ್ನೊಂದು ಹುಟ್ಟು, ಹೆಲ್ಮೆಟ್, ದಿಕ್ಸೂಚಿ, ಹಗ್ಗ ಕತ್ತರಿಸುವ ಚಾಕು, ಪುಟ್ಟ ಸಮುದ್ರ ಲಂಗರು (ನೀರಿನಲ್ಲಿ ಕೊಡೆಯಂತೆ ಬಿಚ್ಚಿಕೊಂಡು ಕಯಾಕನ್ನು ತಡೆದು ಹಿಡಿಯುವ ಬಟ್ಟೆ). ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಹಿಂದಿನ ಕೋಣೆಯಲ್ಲಲ್ಲ.

ಒಂಟಿ ಪಯಣಕ್ಕೆ ನಿಯಮವೊಂದಿದೆ: ಕಯಾಕ್ ಕೈತಪ್ಪಿ ಹೋದರೂ ನಿಮ್ಮನ್ನು ಉಳಿಸುವ ವಸ್ತುಗಳು ನಿಮ್ಮ ಜಾಕೆಟ್ಟಿನ ಜೇಬಿನಲ್ಲಿರಬೇಕು. ಸೀಟಿ, ಚಾಕು, ಜಲನಿರೋಧಕ ಚೀಲದಲ್ಲಿ ಮೊಬೈಲ್, ಮಿನುಗುವ ದೀಪ, ಸಂಕಟ ಸಂಕೇತದ ಸಾಧನ. ಗಾಳಿಗೆ ಸಿಕ್ಕ ಖಾಲಿ ಕಯಾಕನ್ನು ಈಜಿ ಹಿಡಿಯಲು ಯಾರಿಂದಲೂ ಆಗದು.

ನಮ್ಮ ನೀರು ಬೆಚ್ಚಗಿದೆ, ಚಳಿ ಏನು ಮಾಡೀತು ಎನ್ನಬೇಡಿ. 28 ಡಿಗ್ರಿ ನೀರೂ ಮೈಯ ಶಾಖಕ್ಕಿಂತ ಕಡಿಮೆಯೇ. ಮಳೆ, ಗಾಳಿಯಲ್ಲಿ ಗಂಟೆಗಟ್ಟಲೆ ನೆನೆದರೆ ಬೆರಳುಗಳು ಮಾತು ಕೇಳುವುದಿಲ್ಲ. ತೆಳು ಗಾಳಿತಡೆ ಅಂಗಿಯೊಂದು ಕೈಗೆ ಸಿಗುವಲ್ಲಿ ಇರಲಿ. ಆದರೆ ಇಲ್ಲಿ ಹೆಚ್ಚಿನವರನ್ನು ಕೆಡವುವುದು ಬಿಸಿಲು. ಗಾಳಿ ಬೆವರನ್ನು ಆರಿಸುತ್ತಲೇ ಇರುವುದರಿಂದ ನೀರು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ತಲೆ ಮಂಕಾಗಿ ತಪ್ಪು ನಿರ್ಧಾರ ಮಾಡಿದ ಮೇಲಷ್ಟೇ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕೈದು ಲೀಟರ್ ನೀರು, ಜೊತೆಗೆ ಓಆರ್‌ಎಸ್.

ಹಂತ 5: ದಡದಲ್ಲಿ ನಿಮಗಾಗಿ ಗಡಿಯಾರ ನೋಡುವವರೊಬ್ಬರಿರಲಿ

ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸ್ ಠಾಣೆಗೆ ದಾರಿ, ದಿನಾಂಕ, ಕಯಾಕ್‌ನ ಬಣ್ಣ ತಿಳಿಸಿ ಗುರುತಿನ ಚೀಟಿಯ ಪ್ರತಿ ಕೊಡಿ. 2008ರ ಮುಂಬಯಿ ದಾಳಿಯ ನಂತರ ಕತ್ತಲಲ್ಲಿ ವಿಚಿತ್ರ ದೋಣಿಯಲ್ಲಿ ಬಂದಿಳಿಯುವ ಒಂಟಿ ಮನುಷ್ಯನನ್ನು ಯಾವ ಊರೂ ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು.

ಮನೆಯವರಲ್ಲೋ ಸ್ನೇಹಿತರಲ್ಲೋ ಗಾಬರಿಯಾಗದ, ಆದರೆ ಮರೆಯದ ಒಬ್ಬರನ್ನು ಆರಿಸಿ. ಪ್ರತಿ ಬೆಳಗ್ಗೆ ಅವರಿಗೆ ಹೋಗುವ ಜಾಗ, ನಡುವಿನ ಆಸರೆಗಳು, ಕೊನೆಯ ಗಡುವು ಈ ಮೂರನ್ನು ಕಳಿಸಿ. ಮಧ್ಯಾಹ್ನ ಒಂದಕ್ಕೆ ತಲುಪುವ ಅಂದಾಜಿದ್ದರೆ ಗಡುವು ನಾಲ್ಕು ಗಂಟೆ. ನಾಲ್ಕಕ್ಕೆ ಕರೆ ಬಾರದಿದ್ದರೆ ಅವರು ಕಾಯದೆ ಕೋಸ್ಟ್ ಗಾರ್ಡ್‌ನ 1554ಕ್ಕೆ, ನಂತರ ಕರಾವಳಿ ಪೊಲೀಸರ 1093ಕ್ಕೆ ಫೋನ್ ಮಾಡಬೇಕು. ಕತ್ತಲಾಗಲು ಆಗ ಇನ್ನೂ ಎರಡು ಗಂಟೆ ಇರುತ್ತದೆ. ಆ ಎರಡು ಗಂಟೆಗಾಗಿಯೇ ಗಡುವು.

ವಿದೇಶಿ ವಿಡಿಯೊಗಳಲ್ಲಿ ಎಲ್ಲರ ಹೆಗಲಲ್ಲೂ ಕಾಣುವ ಉಪಗ್ರಹ ಸಂದೇಶ ಸಾಧನವನ್ನು ನೋಡಿ ತರಿಸಿಕೊಳ್ಳಲು ಹೋಗಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್, ಸಂದೇಶ ಸಾಧನ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಗೊತ್ತಿಲ್ಲದೆ ತಂದ ಪ್ರವಾಸಿಗರು ಬಂಧನಕ್ಕೊಳಗಾಗಿದ್ದಾರೆ. ಸಂಕಟದಲ್ಲಿ ಮಾತ್ರ ಒತ್ತುವ 406 ಮೆಗಾಹರ್ಟ್ಸ್ ಬೀಕನ್ ಬೇರೆ ವರ್ಗದ್ದು. ಅದರ ಕೂಗನ್ನು ಆಲಿಸುವ ಭಾರತದ ಕೇಂದ್ರ ಬೆಂಗಳೂರಿನಲ್ಲೇ, ಇಸ್ರೊದ ಉಪಗ್ರಹ ಸಂಪರ್ಕ ಕೇಂದ್ರವಾದ ಇಸ್ಟ್ರಾಕ್‌ನಲ್ಲಿದೆ. ನಿಯಮ ವಿಚಾರಿಸಿ ಕೊಂಡು, ಅಲ್ಲಿ ನೋಂದಾಯಿಸಿಯೇ ಇಟ್ಟುಕೊಳ್ಳಿ. ವಿಎಚ್‌ಎಫ್ ರೇಡಿಯೊಗೂ ಪರವಾನಗಿ ಬೇಕು. ಇದ್ದರೆ ವಾಹಿನಿ 16ರಲ್ಲಿ ಸುತ್ತಲಿನ ಹಡಗುಗಳಿಗೆ ನಿಮ್ಮ ದನಿ ಕೇಳಿಸುತ್ತದೆ.

ಹಂತ 6: ಹೊರಡುವ ಮುನ್ನವೇ ತೀರ್ಮಾನ ಬರೆದಿಡಿ

ಒಬ್ಬರೇ ಇರುವಾಗ ನಿಮ್ಮ ಮೂರ್ಖತನಕ್ಕೆ ಅಡ್ಡ ಮಾತಾಡುವವರು ಇರುವುದಿಲ್ಲ. ದಣಿದ ತಲೆ "ಇನ್ನೊಂದು ಮೂಲೆ ದಾಟಿದರೆ ಆಯಿತು" ಎನ್ನುತ್ತದೆ. ಅದಕ್ಕೆ ಮದ್ದು ಒಂದೇ, ತಲೆ ತಣ್ಣಗಿರುವಾಗ ಬರೆದ ನಿಯಮ. ಕಾಕ್‌ಪಿಟ್ ಮುಂದಿನ ಮೇಲ್ಭಾಗದಲ್ಲಿ ಬಿಳಿ ಟೇಪ್ ಅಂಟಿಸಿ, ಅಳಿಯದ ಮಾರ್ಕರ್‌ನಿಂದ ನಾಲ್ಕು ಸಾಲು ಬರೆಯಿರಿ. ಎಲ್ಲೆಡೆ ಬಿಳಿನೊರೆ ಕಂಡರೆ ಹತ್ತಿರದ ಆಸರೆಗೆ. ಗುಡುಗು ಕೇಳಿದರೆ ದಡಕ್ಕೆ. ಹನ್ನೊಂದು ಗಂಟೆಗೆ ಅರ್ಧ ದಾರಿ ಆಗಿರದಿದ್ದರೆ ಮೊದಲೇ ಗುರುತಿಸಿಟ್ಟ ಬದಲಿ ಜಾಗಕ್ಕೆ. ಒಮ್ಮೆ ಮಗುಚಿದರೆ ಅಂದಿನ ಪಯಣ ಮುಗಿಯಿತು. ಈ ಕೊನೆಯದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಮತ್ತೆ ಹತ್ತಿ ಕುಳಿತ ಕೂಡಲೇ ಗೆದ್ದ ಹುಮ್ಮಸ್ಸು ಬಂದಿರುತ್ತದೆ. ಮಗುಚಿದ್ದಕ್ಕೆ ಕಾರಣವಾದ ಗಾಳಿ, ಅಲೆ, ದಣಿವು ಮೂರೂ ಅಲ್ಲೇ ಇವೆ, ನಿಮ್ಮ ಶಕ್ತಿ ಮಾತ್ರ ಕಡಿಮೆಯಾಗಿದೆ.

ಬೆಳಕು ಹರಿದೊಡನೆ ಹೊರಡಿ. ಬೆಳಗಿನ ಹೊತ್ತು ನೆಲದ ಕಡೆಯಿಂದ ಕಡಲಿಗೆ ತೆಳುವಾದ ಗಾಳಿ ಇರುತ್ತದೆ. ಹನ್ನೊಂದರ ಸುಮಾರಿಗೆ ಅದು ನಿಂತು, ಕಡಲಗಾಳಿ ಏಳುತ್ತದೆ. ಎರಡರಿಂದ ನಾಲ್ಕರ ನಡುವೆ ಅದರ ಆರ್ಭಟ. ಬೆಳಗಿನ ಗಾಳಿ ಸೌಮ್ಯ ಎಂದು ದಡ ಬಿಟ್ಟು ದೂರ ಹೋಗಬೇಡಿ, ಅದು ಹೊರಕ್ಕೆ ನೂಕುವ ಗಾಳಿ. ದಡದಿಂದ ಒಂದು ಕಿಲೋಮೀಟರ್ ಆಚೆಗೆ, ತೆರೆ ಮುರಿಯುವ ಪಟ್ಟಿಯಿಂದ ಚೆನ್ನಾಗಿ ಹೊರಗೆ ಸಾಗುವುದು ಸಾಕು.

ಹಂತ 7: ಗಾಳಿಯಲ್ಲಿ ಹುಟ್ಟು ಹಾಕುವುದು

ಎದುರುಗಾಳಿಯಲ್ಲಿ ಹುಟ್ಟನ್ನು ಎತ್ತರಕ್ಕೆ ಎತ್ತಬೇಡಿ. ಚಿಕ್ಕ ಚಿಕ್ಕ ಎಳೆತ, ಬೇಗ ಬೇಗ. ಉಸಿರು ತೆಗೆದುಕೊಳ್ಳಲು ನಿಂತರೆ ಗಳಿಸಿದ್ದು ಹಿಂದಕ್ಕೆ ಹೋಗುತ್ತದೆ. ದಡದ ಎರಡು ಗುರುತುಗಳನ್ನು, ಮುಂದಿನದು ತೆಂಗಿನಮರ, ಹಿಂದಿನದು ಮೊಬೈಲ್ ಗೋಪುರ ಎಂದಿಟ್ಟುಕೊಳ್ಳಿ, ಒಂದರ ಮೇಲೊಂದು ಇಟ್ಟು ನೋಡುತ್ತಿರಿ. ಹತ್ತಿರದ ಗುರುತು ಹಿಂದಕ್ಕೆ ಸರಿಯುತ್ತಿದ್ದರೆ ಸಾಗುತ್ತಿದ್ದೀರಿ. ಹತ್ತು ನಿಮಿಷದಲ್ಲಿ ಅಲ್ಲಾಡದಿದ್ದರೆ ಸೋತಿದ್ದೀರಿ, ತಿರುಗಿ.

ಪಕ್ಕದಿಂದ ಬರುವ ಗಾಳಿ ಕಯಾಕ್‌ನ ಮೂತಿಯನ್ನು ತನ್ನತ್ತ ತಿರುಗಿಸುತ್ತದೆ. ಪ್ರತಿ ಎಳೆತದಲ್ಲೂ ಅದನ್ನು ತಿದ್ದುತ್ತ ಹೋದರೆ ಒಂದೇ ತೋಳು ಸತ್ತುಹೋಗುತ್ತದೆ. ಸ್ಕೆಗ್ ಸ್ವಲ್ಪ ಇಳಿಸಿ. ಪೂರ್ತಿ ಇಳಿಸಿದರೆ ಮೂತಿ ಗಾಳಿ ನೂಕುವ ಕಡೆಗೆ ಓಡುತ್ತದೆ. ನಡುವೆ ಎಲ್ಲೋ ಸಮತೋಲದ ಬಿಂದು ಇದೆ, ನಿಮ್ಮ ಸಾಮಾನಿನ ಭಾರಕ್ಕೆ ತಕ್ಕಂತೆ ಅದನ್ನು ನೀವೇ ಹುಡುಕಿಕೊಳ್ಳಬೇಕು.

ಬೆನ್ನಗಾಳಿ ಸುಖ ಎಂದು ಮೇಲೆ ಹೇಳಿದೆ. ಒಂದು ಮಿತಿಯವರೆಗೆ. ಅಲೆ ಕಡಿದಾದಂತೆ ಕಯಾಕ್ ಅದರ ಮುಖದ ಮೇಲೆ ಜಾರಿ, ಮೂತಿ ಮುಂದಿನ ತಗ್ಗಿಗೆ ಹೂತು, ಹಿಂಭಾಗ ಸುತ್ತಿ ಅಡ್ಡ ಬೀಳುತ್ತದೆ. ಜಾರುವ ಮೋಜಿಗೆ ಇಳಿಯದೆ, ಹಿಂತುದಿ ಮೇಲೇಳುತ್ತಿದ್ದಂತೆ ಎಳೆಯುವುದನ್ನು ನಿಲ್ಲಿಸಿ ಅಲೆ ಅಡಿಯಿಂದ ಹಾದುಹೋಗಲು ಬಿಡಿ, ಅದರ ಬೆನ್ನೇರಿದಾಗ ಎಳೆಯಿರಿ. ಅಡ್ಡ ತಿರುಗಿಯೇ ಬಿಟ್ಟರೆ ಅಲೆಯ ಕಡೆಗೇ ವಾಲಿ, ಹುಟ್ಟಿನ ಬೆನ್ನನ್ನು ಅಲೆಯ ಮೇಲೆ ಒತ್ತಿ. ಮೊಣಕೈ ಪಕ್ಕೆಗೆ ಅಂಟಿರಲಿ. ತೋಳು ಚಾಚಿ ತಲೆಯ ಮೇಲೆ ಹುಟ್ಟು ಹಿಡಿದವರೇ ಭುಜ ಕಳೆದುಕೊಳ್ಳುವುದು.

ಹಂತ 8: ಗುಡುಗು, ಸಿಡಿಲು, ದಿಢೀರ್ ಬಿರುಗಾಳಿ

ಹಿಂಗಾರಿನ ದಿನಗಳಲ್ಲಿ, ಮತ್ತೆ ಏಪ್ರಿಲ್‌ನಿಂದ, ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಟ್ಟಿ ಸಂಜೆಗೆ ಕಡಲಿನತ್ತ ಇಳಿಯುತ್ತದೆ. ಹಾಗಾಗಿ ಕಡಲಲ್ಲಿರುವವರು ಪಡುವಣಕ್ಕಿಂತ ಮೂಡಣದ ಮೇಲೆ ಕಣ್ಣಿಡಬೇಕು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂಬುದು ಸಿಗುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ನೀವು ಅದರ ವ್ಯಾಪ್ತಿಯಲ್ಲಿದ್ದೀರಿ. ಸುತ್ತಲೂ ನಿಮಗಿಂತ ಎತ್ತರದ್ದೇನೂ ಇಲ್ಲ. ದಡ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ನೀರಿಗಿಳಿಯಬೇಡಿ. ದಡ ಸೇರಲಾಗದಿದ್ದರೆ ಬಾಗಿ ಕುಳಿತು ಹುಟ್ಟನ್ನು ನೀರಿಗೆ ಸಮನಾಗಿ ತಗ್ಗಿಸಿ ಹಿಡಿಯಿರಿ. ಕಾರ್ಬನ್ ಹುಟ್ಟು ವಿದ್ಯುತ್ತನ್ನು ಹರಿಸುತ್ತದೆ.

ಬಿರುಗಾಳಿ ಬರುವಾಗ ನೀರಿನ ಮೇಲೆ ಕಪ್ಪು ಗೆರೆಯೊಂದು ಓಡಿಬರುವುದು ಕಾಣುತ್ತದೆ, ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಕೆಲವೇ ನಿಮಿಷ ಸಮಯ. ಟೋಪಿ, ನೀರಿನ ಬಾಟಲಿ, ನಕ್ಷೆ ಒಳಗೆ. ಸ್ಕರ್ಟ್ ಸುತ್ತ ಒಮ್ಮೆ ಕೈಯಾಡಿಸಿ. ಮೂತಿಯನ್ನು ಗಾಳಿಗೆ ಕೊಟ್ಟು, ಮುಂದೆ ಬಾಗಿ, ನಿಂತಲ್ಲಿ ನಿಲ್ಲುವಷ್ಟೇ ಹುಟ್ಟು ಹಾಕಿ. ಹೆಚ್ಚಿನವು ಅರ್ಧ ಗಂಟೆಯಲ್ಲಿ ತೀರುತ್ತವೆ. ಕೈ ಸೋತರೆ ಸಮುದ್ರ ಲಂಗರು ಬಿಡಿ. ಮೂತಿಗೆ ಕಟ್ಟಿದ ಅದು ನಿಮ್ಮನ್ನು ಅಲೆಗೆ ಎದುರಾಗಿ ಹಿಡಿದಿಡುತ್ತದೆ. ಮಳೆಯ ಪರದೆಯಲ್ಲಿ ದಡ ಕಾಣದಾದಾಗ ಅಂದಾಜಿನ ಮೇಲೆ ದಡದತ್ತ ನುಗ್ಗಬೇಡಿ. ಹೊರಗೇ ಇರಿ.

ಹಂತ 9: ಮಗುಚಿದರೆ

ಮೊದಲು ರೋಲ್, ಅಂದರೆ ಕೂತಲ್ಲೇ ಹುಟ್ಟಿನ ಬಲದಿಂದ ಮತ್ತೆ ಮೇಲಕ್ಕೆ ಉರುಳುವುದು. ಆಗದಿದ್ದರೆ ಸ್ಕರ್ಟ್‌ನ ಕುಣಿಕೆ ಎಳೆದು ಹೊರಬನ್ನಿ. ಹೊರಡುವಾಗಲೆಲ್ಲ ಆ ಕುಣಿಕೆ ಹೊರಗೆ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಒಳಗೆ ಸಿಕ್ಕಿಕೊಂಡರೆ ತಲೆಕೆಳಗಾಗಿ ಹುಡುಕಬೇಕಾಗುತ್ತದೆ. ಹೊರಬಂದ ಮೇಲೆ ಒಂದು ಕೈ ಕಯಾಕ್‌ನ ಹಗ್ಗದ ಮೇಲೆ, ಒಂದು ಕೈ ಹುಟ್ಟಿನ ಮೇಲೆ. ಇವೆರಡನ್ನೂ ಬಿಟ್ಟು ತೇಲಿಹೋಗುವ ಚಪ್ಪಲಿಯ ಹಿಂದೆ ಈಜುವವರನ್ನು ನೋಡಿದ್ದೇನೆ.

ಗಾಳಿ ಜೋರಾಗಿದ್ದರೆ ಪ್ಯಾಡಲ್ ಫ್ಲೋಟ್ ಕಟ್ಟಿ, ಮಗುಚಿದ ಕಯಾಕ್‌ನೊಳಗೆ ಕೆಳಗಿನಿಂದ ಸೇರಿ ಫ್ಲೋಟಿನ ಆಸರೆಯಲ್ಲಿ ಉರುಳಿ ಮೇಲೆ ಬರುವ ವಿಧಾನವೇ ಒಳ್ಳೆಯದು. ಪಕ್ಕದಿಂದ ಹತ್ತುವ ವಿಧಾನ ಕೊಳದಲ್ಲಿ ಚೆಂದ, ಅಲೆಯಲ್ಲಿ ಎರಡನೇ ಸಲ ಮಗುಚುತ್ತದೆ. ಮೇಲೆ ಬಂದ ಮೇಲೂ ಫ್ಲೋಟ್ ಬಿಚ್ಚಬೇಡಿ. ಅದನ್ನು ಆಧಾರವಾಗಿಟ್ಟುಕೊಂಡೇ ನೀರು ಹೊರಹಾಕಿ, ಸ್ಕರ್ಟ್ ಮುಚ್ಚಿ. ಇದನ್ನು ಸಾಮಾನು ತುಂಬಿದ ಕಯಾಕ್‌ನಲ್ಲಿ, ಗಾಳಿಯಿರುವ ಮಧ್ಯಾಹ್ನ, ದಡದಲ್ಲಿ ಸ್ನೇಹಿತರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿರಬೇಕು.

ಹಂತ 10: ಅಳಿವೆ ಮತ್ತು ತೆರೆ ದಾಟಿ ದಡ ಸೇರುವುದು

ಇಷ್ಟೂ ಹಂತಗಳು ಇಲ್ಲಿಗೆ ತಲುಪಿಸಲಿಕ್ಕೆ.

ಅಳಿವೆಯಲ್ಲಿ ನದಿ ತಂದ ಮರಳು ದಿಬ್ಬವಾಗಿ ಕೂತಿರುತ್ತದೆ. ಇಳಿತದ ಹೊತ್ತಿಗೆ ನದಿಯ ನೀರು ರಭಸದಿಂದ ಹೊರಕ್ಕೆ ಹರಿಯುತ್ತದೆ, ಕಡಲ ಅಲೆ ಒಳಕ್ಕೆ ಬರುತ್ತದೆ. ಎರಡೂ ದಿಬ್ಬದ ಮೇಲೆ ಎದುರಾಗಿ, ಅಲೆಯ ಉದ್ದ ಕುಗ್ಗಿ, ಎತ್ತರ ಹೆಚ್ಚಿ, ನಿಂತಲ್ಲೇ ಮುರಿಯುತ್ತದೆ. ಅರ್ಧ ಕಿಲೋಮೀಟರ್ ಆಚೆ ಶಾಂತವಿದ್ದ ಕಡಲು ಇಲ್ಲಿ ರಣರಂಗ. ಮಲ್ಪೆಯ ಉತ್ತರದ ಕೋಡಿ ಬೆಂಗ್ರೆಯಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಉಬ್ಬರದ ಕೊನೆಯ ಒಂದು ಗಂಟೆಯಲ್ಲಿ, ನೀರು ತುಂಬಿ ನಿಲ್ಲುವ ಹೊತ್ತಿಗೆ ಮಾತ್ರ ಒಳಗೆ ಹೋಗಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಹೊತ್ತು ತಪ್ಪಿದರೆ ಅಳಿವೆಯಿಂದ ದೂರ, ಆಳ ನೀರಿನಲ್ಲಿ ಕಾಯಿರಿ. ಬ್ರೇಕ್‌ವಾಟರ್ ಇರುವಲ್ಲಿ ಅದರ ತುದಿಗೆ ಅಂಟಿಕೊಂಡು ತಿರುಗಬೇಡಿ. ಕಲ್ಲಿನಿಂದ ಹಿಂದೆ ಬರುವ ಅಲೆಯೊಂದು, ಒಳಗಿನಿಂದ ಧಾವಿಸಿ ಬರುವ ಟ್ರಾಲ್ ಬೋಟ್ ಇನ್ನೊಂದು. ಅವರಿಗೆ ನೀವು ಕಾಣುವುದಿಲ್ಲ ಎಂದೇ ತಿಳಿಯಿರಿ.

ತೆರೆದ ಮರಳದಂಡೆಗೆ ಇಳಿಯಲೇಬೇಕಾದರೆ ಒಂದು ಸಂಗತಿ ನೆನಪಿರಲಿ. ಕಡಲ ಕಡೆಯಿಂದ ಅಲೆಗಳ ಬೆನ್ನು ಮಾತ್ರ ಕಾಣುತ್ತದೆ. ನುಣುಪಾದ, ದುಂಡನೆಯ ಬೆನ್ನು. ಅದು ಆಚೆ ಬದಿಯಲ್ಲಿ ಹೇಗೆ ಬಾಯಿ ತೆರೆದು ಬೀಳುತ್ತಿದೆ ಎಂಬುದು ಮರೆಯಾಗಿರುತ್ತದೆ. ತೆರೆ ಚಿಕ್ಕದು ಎಂದು ಅನ್ನಿಸುವುದು ಅದಕ್ಕೇ. ಕಣ್ಣಿಗಿಂತ ಕಿವಿಯನ್ನು ನಂಬಿ. ಬಿಡದೆ ಉರುಳುವ ಗರ್ಜನೆ ಇದ್ದರೆ ತಗ್ಗಾದ ದಂಡೆ, ಅಲೆ ದೂರದಿಂದಲೇ ಹಂತಹಂತವಾಗಿ ಮುರಿಯುತ್ತಿದೆ, ಇಳಿಯಬಹುದು. ಮೌನ, ನಂತರ ಒಂದೇ ಧೊಪ್ಪೆಂಬ ಸದ್ದು, ಮತ್ತೆ ಮೌನ ಎಂದಾದರೆ ಕಡಿದಾದ ದಂಡೆ. ಇಡೀ ಅಲೆ ಮರಳಿನ ಮೇಲೆಯೇ ಬೀಳುತ್ತಿದೆ. ಅಲ್ಲಿ ಇಳಿಯಬೇಡಿ. ದಡದಲ್ಲಿ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುವವರಿದ್ದರೆ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿ. ಅವರು ಕೈಬೀಸಿ ತೋರಿಸಿದ ಜಾಗಕ್ಕೇ ಹೋಗಿ.

ತೆರೆ ಮುರಿಯುವ ಪಟ್ಟಿಯ ಹೊರಗೆ, ಮೂತಿ ಕಡಲಿಗಿರಿಸಿ, ಹತ್ತು ನಿಮಿಷ ಸುಮ್ಮನಿರಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಎರಡು ಮೂರು ಗುಂಪು ಎಣಿಸಿ. ಹೆಲ್ಮೆಟ್ ಬಿಗಿಯಿರಿ, ಮೇಲಿನ ಸಾಮಾನೆಲ್ಲ ಒಳಗಿಡಿ, ಹುಟ್ಟಿಗೂ ಕಯಾಕಿಗೂ ಕಟ್ಟಿದ ದಾರ ಬಿಚ್ಚಿ, ಸ್ಕೆಗ್ ಮೇಲೆತ್ತಿ. ಗುಂಪಿನ ಕೊನೆಯ ದೊಡ್ಡ ಅಲೆ ನಿಮ್ಮಡಿ ಹಾದ ಕೂಡಲೇ ಅದರ ಬೆನ್ನ ಹಿಂದೆಯೇ ಇದ್ದ ಬಲವೆಲ್ಲ ಹಾಕಿ ಎಳೆಯಿರಿ. ಅದನ್ನು ದಾಟಿ ಮುಂದೆ ಹೋಗಬಾರದು, ಹಿಂದಿನದು ನಿಮ್ಮನ್ನು ಹಿಡಿಯಲೂಬಾರದು. ಹಿಡಿದರೆ ಅಡ್ಡ ತಿರುಗುತ್ತೀರಿ. ಅಲೆಗೆ ಒರಗಿ, ಮೊಣಕೈ ತಗ್ಗಿಸಿ, ಅದು ದಡಕ್ಕೆ ಒಯ್ಯುವವರೆಗೆ ಹಾಗೆಯೇ ಇರಿ. ಮಗುಚಿ ಹೊರಬಂದರೆ ಕಯಾಕ್‌ನ ಕಡಲ ಬದಿಯಲ್ಲೇ ಇರಿ. ನೀರು ತುಂಬಿದ ಕಯಾಕ್ ನೂರಾರು ಕಿಲೋ ತೂಗುತ್ತದೆ; ಅದಕ್ಕೂ ದಡಕ್ಕೂ ನಡುವೆ ನಿಂತವರ ಕಾಲು ಮುರಿಯಲು ಮೊಣಕಾಲುದ್ದದ ನೀರು ಸಾಕು.

ಎಲ್ಲೂ ಇಳಿಯಲಾಗದು ಎಂದು ತೋರಿದರೆ ಹೊರಗೇ ಉಳಿಯುವುದಕ್ಕೆ ನಾಚಿಕೆ ಬೇಡ. ಹಗಲು ಇನ್ನೂ ಇದೆ, ಗಾಳಿ ಸಂಜೆಗೆ ಇಳಿಯುತ್ತದೆ, 1554 ಇದೆ, ಹಿಂದಿರುಗುವ ದೋಣಿಗಳಿವೆ. ಕೈಬೀಸಿ ಕರೆದರೆ ಮೀನುಗಾರರು ಬಂದೇ ಬರುತ್ತಾರೆ.

ಹಂತ 11: ಕಾಯುವ ದಿನಗಳು

ಹತ್ತು ದಿನದ ಪಯಣಕ್ಕೆ ಹದಿನೈದು ದಿನದ ರಜೆ ಹಾಕಿ. ಸೋಮವಾರ ಕಚೇರಿಗೆ ಮರಳಬೇಕಾದವರು ಶನಿವಾರ ತಪ್ಪು ನಿರ್ಧಾರ ಮಾಡುತ್ತಾರೆ. ಹೆದ್ದಾರಿ, ರೈಲು ಎರಡೂ ದಡದ ಪಕ್ಕದಲ್ಲೇ ಇರುವ ಕರಾವಳಿ ಇದು. ಪಯಣ ಕೈಬಿಟ್ಟು ಟೆಂಪೊ ಹಿಡಿದು ಮನೆಗೆ ಹೋಗುವ ಸೌಲಭ್ಯ ಎಷ್ಟು ಕಡೆ ಇದ್ದೀತು?

ದಡದಲ್ಲಿ ತಂಗುವಾಗ ಉಬ್ಬರ ಬಿಟ್ಟುಹೋದ ಕಸದ ಗೆರೆಯಿಂದ ಸಾಕಷ್ಟು ಮೇಲೆ ಜಾಗ ಹಿಡಿಯಿರಿ. ತೆಂಗಿನಮರದ ಅಡಿ ಬೇಡ, ಗುಡುಗಿರುವ ರಾತ್ರಿ ಗಾಳಿಮರದ ತೋಪೂ ಬೇಡ. ಖಾಲಿ ಕಯಾಕ್ ಜೋರುಗಾಳಿಗೆ ಒಣಗಿದ ತೆಂಗಿನ ಗರಿಯ ಹಾಗೆ ಉರುಳಿಹೋಗುತ್ತದೆ. ಎರಡೂ ತುದಿ ಕಟ್ಟಿ, ಒಳಗೆ ನೀರಿನ ಕ್ಯಾನ್ ಇಡಿ. ಚಂಡಮಾರುತದ ಸುದ್ದಿ ಇದ್ದರೆ ದಡದಲ್ಲಿ ಉಳಿಯುವ ಮಾತೇ ಇಲ್ಲ, ಊರಿನೊಳಗೆ ಗಟ್ಟಿ ಮಾಡಿನ ಕೆಳಗೆ ಹೋಗಿ.

ಗಾಳಿ ನಿಂತ ಮರುದಿನವೇ ಹೊರಡುವ ಆತುರ ಎಲ್ಲರಿಗೂ ಇರುತ್ತದೆ. ಗಾಳಿ ಹೋದರೂ ಉರುಳಲೆ ಒಂದೆರಡು ದಿನ ಉಳಿಯುತ್ತದೆ, ಅಳಿವೆಗಳಿಂದ ಮರದ ದಿಮ್ಮಿ, ಹರಿದ ಬಲೆ, ಕಸ ಹೊರಬಂದು ತೇಲುತ್ತಿರುತ್ತದೆ, ಮರಳದಿಬ್ಬ ಹಳೆಯ ಜಾಗದಲ್ಲಿ ಇರುವುದಿಲ್ಲ. ನಾಡದೋಣಿಗಳು ಹೋಗಿ ಮರಳಿದ್ದನ್ನು ನೋಡಿದ ಮೇಲೆ ದಡದ ಗೆಳೆಯರಿಗೆ ಹೊಸ ದಾರಿ, ಹೊಸ ಗಡುವು ಕಳಿಸಿ. ಆಮೇಲೆ ಕಯಾಕನ್ನು ಪಕ್ಕಕ್ಕೆ ವಾಲಿಸಿ ಸ್ಕೆಗ್‌ನ ಸಂದಿಯಲ್ಲಿ ಮರಳು, ಕಪ್ಪೆಚಿಪ್ಪು ಸಿಕ್ಕಿಕೊಂಡಿದೆಯೇ ಎಂದು ನೋಡಿ ತೆಗೆಯಿರಿ. ನೀರಿಗಿಳಿದ ಮೇಲೆ ಕುಳಿತಲ್ಲಿಂದ ಅಲ್ಲಿಗೆ ಕೈ ನಿಲುಕುವುದಿಲ್ಲ.